ಉರ್ಬಾನನ ಸರದಿ

ಸೇಂಟ್ ಫಿಲಿಪ್ ಬೀದಿ, ನ್ಯೂ ಆರ್ಲಿಯನ್ಸ್
ಭಾನುವಾರ, ನವೆಂಬರ್ 3, 1963

ನನ್ನ ಲಾಲಿ, ಅಮ್ಮನ ಕಣ್ಣಿಗೆ ಇನ್ನೂ ಎರಡು ಜಡೆಯ ಹುಡುಗಿಯಾಗಿಯೇ ಉಳಿದವಳೇ,

ನಿನ್ನ ಕಾಗದ ಬಂದು ಬಹಳ ದಿನವಾಯಿತು. ತಡವಾದದ್ದಕ್ಕೆ ಕೈನೋವು ಕಾರಣ ಎಂದು ಬರೆಯೋಣ ಅಂದುಕೊಂಡಿದ್ದೆ. ಕೈ ಚೆನ್ನಾಗಿಯೇ ಇದೆ. ಬಟ್ಟೆ ಹೊಲಿಯುತ್ತೇನೆ, ಬೆಂಡೆಕಾಯಿ ಹೆಚ್ಚುತ್ತೇನೆ, ಪಕ್ಕದ ಮನೆಯವಳ ಬೆಕ್ಕಿಗೆ ಪೊರಕೆ ಬೀಸುತ್ತೇನೆ. ನಿನಗೆ ಬರೆಯಲು ಕೂತಾಗ ಮಾತ್ರ ಅದು ಮೇಜಿನ ಮೇಲೆ ಸತ್ತ ಮೀನಿನ ಹಾಗೆ ಬಿದ್ದುಕೊಳ್ಳುತ್ತಿತ್ತು. ಈವತ್ತು ಚರ್ಚಿನ ಪೂಜೆ ಮುಗಿಸಿ ಬಂದವಳು ಟೋಪಿಯನ್ನೂ ತೆಗೆಯದೆ ಕೂತಿದ್ದೇನೆ. ತೆಗೆದರೆ ಅಡುಗೆಮನೆಗೆ ಹೋಗಿಬಿಡುತ್ತೇನೆ.

ಚಿಕಾಗೊದ ಅಂಗಡಿಯ ಗಾಜಿನ ಹಿಂದೆ ನಿನ್ನಪ್ಪನ ಮುಖ ಕಂಡಿತಂತೆ. ವೆಸ್ಲಿ ಒಳಗೆ ಹೋಗಿ ಆ ರೆಕಾರ್ಡು ಕೊಂಡು ತಂದನಂತೆ. ಇಬ್ಬರೂ ಕೂತು ಕೇಳಿದಿರಂತೆ. ಸಂತೋಷ. ಆದರೆ ಆಮೇಲೆ ನೀನು ಬರೆದಿದ್ದೀಯಲ್ಲ, ಆ ಸಾಲು ನನಗೆ ಬಾಯಿಪಾಠವಾಗಿದೆ: “ಅಪ್ಪ ಇದರಲ್ಲಿ ಒಂದು ಕಡೆಯೂ ನಿಲ್ಲಲಿಲ್ಲ. ಹಾಗಾದರೆ ನಿಲ್ಲದೆ ನುಡಿಸುವುದು ಅವನಿಗೆ ಬರುತ್ತಿತ್ತು. ಗುರುತಿಲ್ಲದವರಿಗೆ ಮಾಡಿಕೊಟ್ಟದ್ದನ್ನು ನನ್ನ ಮದುವೆಯಲ್ಲಿ ಯಾಕೆ ಮಾಡಲಿಲ್ಲ?”

ನಿನ್ನ ಸಿಟ್ಟು ನನಗೆ ಗೊತ್ತು. ಅದಕ್ಕೆ ಉತ್ತರ ಹೇಳಬೇಕಾದರೆ ನೀನು ಹುಟ್ಟುವುದಕ್ಕೂ ಮೊದಲಿನ ನದಿಯಿಂದ ಶುರುಮಾಡಬೇಕು. ಚಿಕ್ಕಪ್ಪ ಉರ್ಬಾನ್ ನೀರಿಗೆ ಹೋದ ಎಂದಷ್ಟೇ ನಿನಗೆ ಹೇಳಿದ್ದೆವು. ಹೇಗೆ ಹೋದ ಎನ್ನುವುದನ್ನು ನಿನ್ನಪ್ಪ ಈ ಮನೆಯಲ್ಲಿ ಯಾರಿಗೂ ಹೇಳಗೊಡಲಿಲ್ಲ.

ಅವರಿಬ್ಬರಿಗೆ ಒಂದೇ ವರ್ಷದ ಅಂತರ. ಹಗಲು ಇಬ್ಬರೂ ಗಾರೆ ಕೆಲಸ ಮಾಡುತ್ತಿದ್ದರು, ಸಂಜೆಗೆ ಸುಣ್ಣದ ಕೈ ತೊಳೆದು ವಾದ್ಯ ಹಿಡಿಯುತ್ತಿದ್ದರು. ನಿನ್ನಪ್ಪ ಒನೆಸಿಮನ ಟ್ರಂಪೆಟ್ಟು ಹೇಳಬೇಕಾದ್ದನ್ನು ನೇರವಾಗಿ ಹೇಳುತ್ತಿತ್ತು. ಉರ್ಬಾನನ ಕ್ಲಾರಿನೆಟ್ಟು ಅದರ ಸುತ್ತ ಬಳ್ಳಿಯ ಹಾಗೆ ಹಬ್ಬುತ್ತಿತ್ತು, ಒಮ್ಮೊಮ್ಮೆ ಅದನ್ನೇ ಅಣಕಿಸುತ್ತಿತ್ತು. ಪ್ರತಿ ಹಾಡಿನಲ್ಲೂ ಅಣ್ಣ ತನ್ನ ಮಾತು ಮುಗಿಸಿ, ಕೆಲವು ಉಸಿರಿನಷ್ಟು ಜಾಗವನ್ನು ತಮ್ಮನಿಗೆ ಬಿಡುತ್ತಿದ್ದ. ಆ ಜಾಗ ಉರ್ಬಾನನದು. 1927ರ ವಸಂತದಲ್ಲಿ ಉತ್ತರದ ಒಂದು ಕಂಪನಿಯವರು ಬಂದು, ಪೀಠೋಪಕರಣದ ಅಂಗಡಿಯ ಮಹಡಿಯಲ್ಲಿ ಕಂಬಳಿ ತೂಗುಹಾಕಿ, ಇವರ ಕೆಲವು ಹಾಡುಗಳನ್ನು ರೆಕಾರ್ಡು ಮಾಡಿಕೊಂಡು ಹೋದರು. ಇಬ್ಬರೂ ದೊರೆಗಳ ಹಾಗೆ ಬೀದಿ ತುಂಬ ತಿರುಗಿದರು.

ಅದಾದ ಸ್ವಲ್ಪ ದಿನಕ್ಕೇ, ನದಿಯ ಮೇಲೆ ಕುಣಿತದ ವಿಹಾರಕ್ಕೆ ಹೋಗುವ ಹಡಗಿನಲ್ಲಿ ಇವರ ಮೇಳ ನುಡಿಸಿತು. ಸೋಮವಾರ ನಮ್ಮ ಕರಿಯ ಜನರಿಗೆಂದು ಬಿಟ್ಟ ದಿನ. ನಾನೂ ಹೋಗಿದ್ದೆ, ನಿನ್ನಪ್ಪನಿಗೂ ನನಗೂ ಮಾತುಕತೆಯಾಗಿತ್ತು. ಆ ವರ್ಷ ನದಿ ಹೇಗಿತ್ತು ಅಂತೀಯ! ಕಟ್ಟೆಯ ಅಂಚಿನವರೆಗೆ ಬಂದು ಊರಿನೊಳಕ್ಕೆ ಇಣುಕುತ್ತಿತ್ತು. ಮಧ್ಯಾಹ್ನದ ಬಿಡುವಿನಲ್ಲಿ ಉರ್ಬಾನ್ “ಒಳಗೆ ಬೆಂದುಹೋಗ್ತಿದೀನಿ, ಒಂದಿಷ್ಟು ಗಾಳಿ ಕುಡಿದು ಬರ್ತೀನಿ” ಎಂದು ಕ್ಲಾರಿನೆಟ್ಟು ಹಿಡಿದುಕೊಂಡೇ ಹೊರಗೆ ಹೋದ. ಗಂಟೆ ಬಾರಿಸಿತು. ಎಲ್ಲರೂ ಬಂದರು, ಅವನು ಬರಲಿಲ್ಲ. ಯಾರೂ ಗಾಬರಿಯಾಗಲಿಲ್ಲ. ಅದು ಅವನ ಚೇಷ್ಟೆ. ತನ್ನ ಸರದಿ ಬರುವ ಕ್ಷಣಕ್ಕೆ ಸರಿಯಾಗಿ ಬಾಗಿಲಿನಿಂದ ನುಡಿಸುತ್ತಲೇ ಒಳಗೆ ಬರುತ್ತಿದ್ದ, ಹೆಂಗಸರು ಚಪ್ಪಾಳೆ ತಟ್ಟುತ್ತಿದ್ದರು.

ಒನೆಸಿಮ್ ಹಾಡು ಶುರುಮಾಡಿದ. ತನ್ನ ಸಾಲು ಮುಗಿಸಿ ಟ್ರಂಪೆಟ್ಟು ಇಳಿಸಿ ಬಾಗಿಲ ಕಡೆ ನೋಡಿದ. ನಾವೆಲ್ಲ ನಗುತ್ತ ಬಾಗಿಲ ಕಡೆ ನೋಡಿದೆವು. ಬ್ಯಾಂಜೊ, ಡೋಲು ತಾಳ ಹಾಕುತ್ತಲೇ ಇದ್ದವು. ಬಾಗಿಲಲ್ಲಿ ಬಿಸಿಲಿತ್ತು. ಆ ಜಾಗ ಹಾಗೇ ದಾಟಿಹೋಯಿತು. ಒನೆಸಿಮ್ ಮತ್ತೆ ಟ್ರಂಪೆಟ್ಟು ಎತ್ತಿದ, ಹಾಡು ಇನ್ನೊಂದು ಸುತ್ತು ಬಂತು, ಮತ್ತೆ ಇಳಿಸಿದ. ಈಗ ಯಾರೂ ನಗುತ್ತಿರಲಿಲ್ಲ. ಇನ್ನೊಂದು ಸುತ್ತಿಗೆ ನಾನು ಕಿರುಚಿದೆ.

ಹಡಗು ನಿಲ್ಲಿಸಿದರು. ದೋಣಿ ಇಳಿಸಿದರು. ಮನುಷ್ಯನೂ ಸಿಗಲಿಲ್ಲ, ಕ್ಲಾರಿನೆಟ್ಟೂ ಸಿಗಲಿಲ್ಲ. ಬಿದ್ದದ್ದನ್ನು ಕಂಡವರಿಲ್ಲ. ತಮ್ಮ ಇಲ್ಲವೆಂದು ನಿನ್ನಪ್ಪನಿಗೆ ತಿಳಿದದ್ದು ಕಣ್ಣಿನಿಂದಲ್ಲ ಲಾಲಿ, ಹಾಡಿನೊಳಗಿಂದ.

ಅಂದಿನಿಂದ ಅವನು ತನ್ನ ಮೇಳಕ್ಕೆ ಬೇರೆ ಕ್ಲಾರಿನೆಟ್ಟಿನವನನ್ನು ಸೇರಿಸಲಿಲ್ಲ. ಮದುವೆಯಿರಲಿ, ಮೆರವಣಿಗೆಯಿರಲಿ, ಸಾವಿರಲಿ, ಆ ಜಾಗ ಬಂದಾಗ ಟ್ರಂಪೆಟ್ಟು ಇಳಿಸಿ ನಿಲ್ಲುತ್ತಿದ್ದ. ಮೊದಲ ವರ್ಷಗಳಲ್ಲಿ ಜನ ಟೋಪಿ ತೆಗೆಯುತ್ತಿದ್ದರು. ಆಮೇಲೆ ರೂಢಿಯಾಯಿತು. ಆಮೇಲೆ ಗೊತ್ತಿಲ್ಲದ ಹೊಸಬರು ಬಂದರು, ನಗು ಶುರುವಾಯಿತು, ಕರೆಯುವವರು ಕಡಿಮೆಯಾದರು. ಬ್ಯಾಂಜೊದ ಪ್ಲಾಸಿಡ್ ಒಬ್ಬ ಮಾತ್ರ ಬಿಟ್ಟುಹೋಗಲಿಲ್ಲ. “ಇವನ ಜೊತೆ ನುಡಿಸಿದ್ರೆ ಅರ್ಧ ಕೆಲಸ ಸತ್ತವನೇ ಮಾಡ್ತಾನೆ, ನಂಗೇನು ಕಷ್ಟ?” ಎನ್ನುತ್ತಿದ್ದ. ಕುರ್ಚಿ ಖಾಲಿ ಬಿಡುವ ಹಾಗೆ ಇದೂ ತಮ್ಮನಿಗೆ ತೋರಿಸುವ ಮರ್ಯಾದೆ ಎಂದು ನಾನು ತಿಳಿದಿದ್ದೆ. ನಿನಗೂ ಹಾಗೇ ಹೇಳಿ ಬೆಳೆಸಿದೆ.

ನಿನ್ನ ಮದುವೆಯ ದಿನ ನಿನಗಿಂತ ನನಗೆ ಚೆನ್ನಾಗಿ ನೆನಪಿದೆ, ಯಾಕೆಂದರೆ ನಾನು ನಿನ್ನ ಮುಖವನ್ನೇ ನೋಡುತ್ತಿದ್ದೆ. ನಿನ್ನ ನೃತ್ಯದ ಹಾಡಿಗೆ ಅವನು ನಿಂತ. ಪ್ರತಿಸಲದ ಹಾಗೆ ಸ್ವಲ್ಪ ಹೊತ್ತಲ್ಲ. ನಿಂತೇ ಇದ್ದ. ನೀನೂ ವೆಸ್ಲಿಯೂ ನಡುಮನೆಯಲ್ಲಿ ಎತ್ತಿದ ಹೆಜ್ಜೆ ಎಲ್ಲಿಡಬೇಕೆಂದು ತಿಳಿಯದೆ ನಿಂತಿರಿ. ವೆಸ್ಲಿಯ ಸೋದರಮಾವ ಕೂಗಿದ, “ಮುದುಕ ನಿಂತಲ್ಲೇ ನಿದ್ದೆ ಹೋದ್ನೋ ಏನೋ, ಯಾರಾದ್ರೂ ಎಬ್ಬಿಸ್ರಪ್ಪಾ!” ಗಂಡಿನ ಕಡೆಯವರೆಲ್ಲ ಬಿದ್ದು ಬಿದ್ದು ನಕ್ಕರು. ನೀನು ಲಂಗ ಎತ್ತಿ ಹಿಡಿದು ಹೊರಗೆ ನಡೆದೆ. ನಿನ್ನಪ್ಪ ಆಗಲೂ ನಿಂತೇ ಇದ್ದ, ಕಣ್ಣು ಮುಚ್ಚಿಕೊಂಡು, ಮುಖದಲ್ಲಿ ಒಂದು ನಗು. ಆ ನಗುವನ್ನೇ ನೀನು ಕ್ಷಮಿಸಲಿಲ್ಲ. ನಿಜ ಹೇಳಬೇಕೆಂದರೆ ಆ ದಿನ ನಾನೂ ಕ್ಷಮಿಸಲಿಲ್ಲ.

ಈಗ ಆ ರೆಕಾರ್ಡಿನ ವಿಷಯ. ಎರಡು ವರ್ಷದ ಹಿಂದೆ ಬೇಸಗೆಯಲ್ಲಿ ಮಿಸ್ಟರ್ ಹ್ಯಾಲೆಟ್ ಎನ್ನುವ ಒಬ್ಬ ಬಿಳಿಯ ಹುಡುಗ ನಮ್ಮ ಮೆಟ್ಟಿಲ ಮೇಲೆ ಬಂದು ನಿಂತ. ಹುಡುಗನೇನು, ಮೂವತ್ತು ದಾಟಿರಬೇಕು, ಆದರೆ ಬಿಸಿಲಿಗೆ ಸಿಗಡಿಯ ಹಾಗೆ ಕೆಂಪಾಗಿದ್ದ. 1927ರ ರೆಕಾರ್ಡುಗಳ ಹೆಸರನ್ನು ಎಲ್ಲೋ ಓದಿದ್ದನಂತೆ, ಒಂದನ್ನೂ ಕಂಡಿರಲಿಲ್ಲ, ನುಡಿಸಿದವನನ್ನಾದರೂ ನೋಡೋಣವೆಂದು ಹುಡುಕಿಕೊಂಡು ಬಂದಿದ್ದ. ನನ್ನ ಗಂಬೊ ಸಾರನ್ನು ಬೆವರು ಸುರಿಸುತ್ತ ಮತ್ತೆ ಮತ್ತೆ ಹಾಕಿಸಿಕೊಂಡು ತಿಂದ. ಒಳ್ಳೆಯವನು. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ನಮ್ಮವರ ಸಂಘದ ಸಭಾಂಗಣದಲ್ಲಿ ರೆಕಾರ್ಡು ಮಾಡಿದರು. ಮೊದಲ ಹಾಡಿನಲ್ಲೇ ನಿನ್ನಪ್ಪ ನಿಂತ. ಹ್ಯಾಲೆಟ್ ಯಂತ್ರ ನಿಲ್ಲಿಸಿ ಬಂದು, “ಪರವಾಗಿಲ್ಲ ಮಿಸ್ಟರ್ ಗ್ರಾಂಪ್ರೆ, ಮರೆತುಹೋಯ್ತೇನೋ, ಇನ್ನೊಂದ್ಸಲ ಮಾಡೋಣ” ಎಂದ.

“ನಾನೇನೂ ಮರೀಲಿಲ್ಲ. ಅದು ಅವನ ಸರದಿ.”

“ಯಾರ ಸರದಿ?”

ಪ್ಲಾಸಿಡ್ ಅವನನ್ನು ಮೂಲೆಗೆ ಕರೆದುಕೊಂಡು ಹೋಗಿ ಪಿಸುಗುಟ್ಟಿದ. ಹ್ಯಾಲೆಟ್ ಹೋಗಿ ಯಂತ್ರ ಮತ್ತೆ ಶುರುಮಾಡಿದ. ಎಲ್ಲ ಹಾಡುಗಳನ್ನೂ ನಿಲ್ಲುವುದರ ಸಮೇತ ಮುಗಿಸಿದರು. ಆ ದಿನ ನಿನ್ನಪ್ಪ ನುಡಿಸಿದ ಹಾಗೆ ನಾನು ಬಹಳ ವರ್ಷದಿಂದ ಕೇಳಿರಲಿಲ್ಲ. ಗಾರೆಯ ಧೂಳು ತುಂಬಿದ ಆ ಎದೆಯಿಂದ ಅಂಥ ಶುದ್ಧ ಸ್ವರ ಹೇಗೆ ಬರುತ್ತಿತ್ತೋ, ದೇವರೇ ಬಲ್ಲ.

ಚಳಿಗಾಲ ಮುಗಿಯುವಾಗ ರೆಕಾರ್ಡು ಅಂಚೆಯಲ್ಲಿ ಬಂತು. ನಮ್ಮಲ್ಲಿ ಯಂತ್ರವಿಲ್ಲವಲ್ಲ, ಮೂಲೆಯ ಕ್ಷೌರದಂಗಡಿಗೆ ಹೋದೆವು. ಅರ್ಧ ಬೀದಿಯೇ ಸೇರಿತ್ತು. ಒಬ್ಬನ ಕೆನ್ನೆಯ ನೊರೆ ಒಣಗುತ್ತಿತ್ತು, ಅವನಿಗೂ ಪರಿವೆಯಿಲ್ಲ. ಹಾಡು ಶುರುವಾಯಿತು. ಎಲ್ಲರೂ ತಲೆದೂಗಿದರು. ಆ ಜಾಗ ಹತ್ತಿರ ಬಂತು, ನಮ್ಮ ಉಸಿರು ತಾನಾಗಿಯೇ ನಿಂತಿತು. ಜಾಗ ಬರಲಿಲ್ಲ. ಒಂದು ಸಾಲು ಮುಗಿದ ತಕ್ಷಣ ಇನ್ನೊಂದು ಸಾಲು. ನಡುವೆ ಕೂದಲು ತೂರಿಸಲೂ ಎಡೆಯಿಲ್ಲ. ಎಲ್ಲ ಹಾಡಿನಲ್ಲೂ ಹಾಗೆಯೇ. ಹ್ಯಾಲೆಟನ ಕಂಪನಿಯವರು ಆ ನಿಂತ ಜಾಗಗಳನ್ನೆಲ್ಲ ಬ್ಲೇಡಿನಿಂದ ಕತ್ತರಿಸಿ ತೆಗೆದು, ಟೇಪಿನ ಎರಡು ತುದಿಗಳನ್ನು ಅಂಟಿಸಿಬಿಟ್ಟಿದ್ದರು.

ಯಾರೂ ನಿನ್ನಪ್ಪನ ಮುಖ ನೋಡಲಿಲ್ಲ. ಅವನು ಕೊನೆಯವರೆಗೂ ಕೇಳಿ, “ಇನ್ನೊಂದ್ಸಲ ಹಾಕು” ಎಂದ. ಹಾಕಿದರು. ಆಮೇಲೆ ಎದ್ದು ಟೋಪಿ ಇಟ್ಟುಕೊಂಡು ಹೇಳಿದ, “ಯಾರೋ ಚೆನ್ನಾಗೇ ಊದ್ತಾನೆ. ಆದ್ರೆ ಪಾಪ, ಒಬ್ನೇ ಇದ್ದ ಹಾಗಿದೆ.”

ಅಲ್ಲಿಂದ ಮನೆಯ ರೀತಿಯೇ ಬದಲಾಯಿತು ಲಾಲಿ. ಟ್ರಂಪೆಟ್ಟು ಹಿಡಿಯುತ್ತಿದ್ದ, ಒಂದು ಸಾಲು ನುಡಿಸುತ್ತಿದ್ದ, ಇಳಿಸುತ್ತಿದ್ದ, ತಲೆ ಓರೆ ಮಾಡಿ ಕೇಳುತ್ತಿದ್ದ, ಮತ್ತೆ ನುಡಿಸುತ್ತಲೇ ಇರಲಿಲ್ಲ. ಹಿತ್ತಿಲ ಬಾಗಿಲು ತೆರೆದು ನೋಡುತ್ತಿದ್ದ. ಮಧ್ಯಾಹ್ನ ಹೇಳದೆ ಕೇಳದೆ ನದಿಯ ಕಟ್ಟೆಗೆ ಹೋಗುತ್ತಿದ್ದ. ಪ್ಲಾಸಿಡ್ ಹಿಂದೆಯೇ ಹೋಗಿ ಕರೆತರುತ್ತಿದ್ದ. ಒಂದು ದಿನ ನಾನು ಬಟಾಣಿ ಸುಲಿಯುತ್ತ ಕೂತಿದ್ದೆ, ಎದುರಿಗೆ ಬಂದು ಕೂತ.

“ಕ್ಲೆಲಿ, ಅವನು ಕೇಳಿಸ್ತಾ ಇಲ್ಲ.”

“ಯಾರು?”

“ಉರ್ಬಾನ್. ಇಷ್ಟು ವರ್ಷ ನುಡಿಸ್ತಿದ್ದ. ಈಗ ಅವನ ಜಾಗಾನೇ ಮುಚ್ಚಿಬಿಟ್ಟಿದಾರೆ.”

ನನ್ನ ಬೆರಳು ಬಟಾಣಿಯ ಸಿಪ್ಪೆಯಲ್ಲೇ ನಿಂತುಹೋಯಿತು. ಅವನೊಂದಿಗೆ ಇಷ್ಟು ಕಾಲ ಬಾಳಿದ ನನಗೆ ಆ ಕ್ಷಣದವರೆಗೆ ಗೊತ್ತಿರಲಿಲ್ಲ. ನಾವೆಲ್ಲ ಮೌನ ಎಂದುಕೊಂಡದ್ದು ಅವನಿಗೆ ಮೌನವಾಗಿರಲಿಲ್ಲ. ಮೊದಮೊದಲು ಬರೀ ತುಂಟಾಟವಂತೆ, ಅದೇ ಹಳೆಯ ಅಣಕ. ಆಮೇಲಾಮೇಲೆ ನಿಧಾನವಾಯಿತಂತೆ, ಆಳವಾಯಿತಂತೆ. “ಅವನಿಗೂ ವಯಸ್ಸಾಯ್ತಲ್ಲ. ಈಚೀಚೆಗೆ ಉಸಿರು ಸಾಲ್ತಿರ್ಲಿಲ್ಲ. ಅದಕ್ಕೇ ನಾನು ಸ್ವಲ್ಪ ಹೆಚ್ಚು ಹೊತ್ತು ಬಿಡ್ತಿದ್ದೆ” ಎಂದ. ಹಗಲು ಹೊತ್ತು, ಅಡುಗೆಮನೆಯ ತುಂಬ ಬಿಸಿಲು, ನಾನು ಎದ್ದು ಹಿತ್ತಿಲ ಬಾಗಿಲು ಹಾಕಿ ಬಂದೆ. ಸತ್ತವನು ನೀರಿನ ಆಚೆಗೆ ಎಲ್ಲೋ ತನ್ನಣ್ಣನ ಜೊತೆ ಜೊತೆಯಲ್ಲೇ ಮುದುಕನಾಗುತ್ತಿದ್ದ.

ಆ ಶರತ್ಕಾಲ ಹ್ಯಾಲೆಟ್ ಮತ್ತೆ ಊರಿಗೆ ಬಂದಿದ್ದಾನೆಂದು ಪ್ಲಾಸಿಡ್ ಹೇಳಿದ. ಅವನಿದ್ದ ಹೋಟೆಲಿನ ಮುಂಬಾಗಿಲಲ್ಲಿ ನಮ್ಮನ್ನು ಬಿಡುವುದಿಲ್ಲ. ಭಾನುವಾರದ ಉಡುಪು ಹಾಕಿಕೊಂಡು ರಸ್ತೆಯ ಬದಿಯಲ್ಲೇ ನಿಂತೆ. ಹೊರಗೆ ಬಂದವನು ನನ್ನನ್ನು ನೋಡಿ ಟೋಪಿ ತೆಗೆದ.

“ನೀವು ಕತ್ತರಿಸಿದ ತುಂಡುಗಳು ಎಲ್ಲಿವೆ ಮಿಸ್ಟರ್ ಹ್ಯಾಲೆಟ್?”

“ಯಾವ ತುಂಡು, ಅಮ್ಮಾ?”

“ನನ್ನ ಗಂಡ ಸುಮ್ನಿದ್ದದ್ದು.”

ಮುಖ ಇನ್ನಷ್ಟು ಕೆಂಪಾಯಿತು. “ಅದರಲ್ಲಿ ಏನೂ ಇಲ್ಲ ಅಮ್ಮಾ. ಬರೀ ತಾಳ, ಫ್ಯಾನಿನ ಸದ್ದು. ಜನ ರೆಕಾರ್ಡು ಕೆಟ್ಟಿದೆ ಅಂತ ವಾಪಸ್ ತರ್ತಾರೆ ಅಂದ್ರು ನಮ್ಮೋರು.”

“ಏನೂ ಇಲ್ಲದ್ದನ್ನ ಕತ್ತರಿಸೋಕೆ ಅಷ್ಟೊಂದು ಕಷ್ಟ ಯಾಕಪ್ಪಾ ಪಟ್ರಿ?”

ಅವನು ತೆಗೆದ ಟೋಪಿಯನ್ನು ಕೈಯಲ್ಲೇ ತಿರುಗಿಸಿದ. ಆದರೆ ಕತ್ತರಿಸುವ ಮೊದಲು ತನಗೆಂದು ಒಂದು ಪ್ರತಿ ತೆಗೆದಿಟ್ಟುಕೊಂಡಿದ್ದನಂತೆ. ಅದನ್ನು ಊರಿನಿಂದ ತರಿಸಿ, ಯಂತ್ರ ಹೊತ್ತುಕೊಂಡು ನಮ್ಮ ಮನೆಗೆ ಬಂದ. ಮುಂದಿನ ಕೋಣೆಯಲ್ಲಿ ಕಿಟಕಿ ಅರ್ಧ ಮುಚ್ಚಿ ಕೂತೆವು, ನಿನ್ನಪ್ಪ, ನಾನು, ಅವನು. ಟೇಪು ತಿರುಗಿತು. ನಿನ್ನ ಮದುವೆಯ ಹಾಡೇ ಮೊದಲು. ಟ್ರಂಪೆಟ್ಟಿನ ಸಾಲು ಮುಗಿಯಿತು. ಜಾಗ ತೆರೆಯಿತು. ಫ್ಯಾನಿನ ಸದ್ದು ಕೇಳಿಸಿತು. ಪ್ಲಾಸಿಡನ ಬ್ಯಾಂಜೊ ಕೇಳಿಸಿತು. ಅಂದು ಬೀದಿಯಲ್ಲಿ ಹೋಗುತ್ತಿದ್ದ ಕಲ್ಲಂಗಡಿ ಮಾರುವವನ ಕೂಗು ಕೇಳಿಸಿತು. ನಿನ್ನಪ್ಪನ ಬೂಟು ನೆಲಕ್ಕೆ ಮೆಲ್ಲಗೆ ತಟ್ಟುತ್ತಿತ್ತು. ಅಷ್ಟೇ.

“ಇಲ್ಲ. ಯಂತ್ರಕ್ಕೆ ಸಿಕ್ಕಿಲ್ಲ ಅವನು” ಎಂದ ನಿನ್ನಪ್ಪ. ಮತ್ತೆ ಹಾಕಿಸಿದ. ಮತ್ತೆ ಇಲ್ಲ. ಹ್ಯಾಲೆಟ್ ನನ್ನ ಕಡೆ ದಿಕ್ಕುಗಾಣದೆ ನೋಡಿದ. ಆಗ ನಿನ್ನಪ್ಪ ಎದ್ದು ಗೂಡಿನಿಂದ ಟ್ರಂಪೆಟ್ಟು ತಂದ. ಟೇಪಿನಲ್ಲಿ ಆ ಜಾಗ ಬಂದ ಕೂಡಲೇ ಅದನ್ನು ತುಟಿಗಿಟ್ಟು ನುಡಿಸಿದ. ಜೀವಮಾನದಲ್ಲಿ ಮೊದಲ ಸಲ ಆ ಜಾಗದೊಳಗೆ ಕಾಲಿಟ್ಟ.

ಅದು ಅವನ ನುಡಿಕೆಯಲ್ಲ ಲಾಲಿ. ಟ್ರಂಪೆಟ್ಟು ಹಾಗೆ ಬಳುಕುವುದಿಲ್ಲ, ಮುದಿ ತುಟಿ ಮೇಲಿನ ಸ್ವರದಲ್ಲಿ ಒಡೆಯುತ್ತಿತ್ತು. ಆದರೆ ನಾನು ಉರ್ಬಾನನನ್ನು ಕೇಳಿದವಳು. ಹತ್ತಿ ಹತ್ತಿ ಹೋಗಿ, ತುದಿಯಲ್ಲಿ ಬಿದ್ದೇಬಿಟ್ಟ ಅನ್ನುವಾಗ ನಕ್ಕು ಹಿಡಿದುಕೊಳ್ಳುವ ಆ ರೀತಿ ಈ ಊರಿನಲ್ಲಿ ಇನ್ನೊಬ್ಬರಿಗಿರಲಿಲ್ಲ. ಜಾಗ ಮುಗಿಯಿತು, ಟೇಪಿನೊಳಗಿನ ಒನೆಸಿಮ್ ತನ್ನ ಸಾಲನ್ನು ಎತ್ತಿಕೊಂಡ. ನನ್ನೆದುರಿನವನು ನಿಲ್ಲಿಸಲಿಲ್ಲ. ಅಣ್ಣನ ಟ್ರಂಪೆಟ್ಟು ಯಂತ್ರದಿಂದ, ತಮ್ಮನ ಮಾತು ಇವನ ಬಾಯಿಂದ, ಎರಡೂ ಕೋಣೆಯಲ್ಲಿ ಹೆಣೆದುಕೊಂಡವು. ನಾನು ಜಪಮಾಲೆ ಹಿಡಿದುಕೊಂಡಿದ್ದೆ. ಕಣ್ಣು ಮುಚ್ಚಿದ್ದರೆ ಇಬ್ಬರೂ ಅಲ್ಲೇ ಇದ್ದರು. ಕಣ್ಣು ತೆರೆಯಲು ನನಗೆ ಧೈರ್ಯ ಬರಲಿಲ್ಲ.

ಮುಗಿದ ಮೇಲೆ ಅವನು ಕೂತು, ಬಾಯಿ ಒರೆಸಿಕೊಂಡು ಹೇಳಿದ ಮಾತನ್ನು ಹಾಗೆಯೇ ಬರೆಯುತ್ತೇನೆ. “ಲಾಲಿ ಮದುವೇಲಿ ಅವನು ನುಡಿಸಿದ್ದು ಇದನ್ನೇ ಕಣೇ. ಅಷ್ಟು ಚೆನ್ನಾಗಿ ಯಾವತ್ತೂ ನುಡಿಸಿರ್ಲಿಲ್ಲ. ‘ಸಾಕು ಬಿಡೋ’ ಅಂತ ಮನಸಲ್ಲೇ ಅಂದೆ. ‘ಸುಮ್ನಿರಣ್ಣ, ಮನೇಲಿ ಇರೋದು ಒಂದೇ ಮಗಳು, ನಾನೇನು ದಿನಾ ಬರ್ತೀನಾ’ ಅಂತ ನುಡಿಸ್ತಾನೇ ಇದ್ದ. ನಾನು ಹೇಗೆ ನಡುವೆ ಬಾಯಿ ಹಾಕ್ಲಿ?”

ಇದನ್ನು ಮಗಳಿಗೆ ಬರೆಯಬಾರದಿತ್ತೇ ಎಂದೆ. “ಬರೆದ್ರೆ ಹುಚ್ಚ ಅಂತಾಳೆ. ಮೊಂಡ ಅಂದ್ಕೊಂಡಿರೋದೇ ವಾಸಿ” ಎಂದ.

ಹ್ಯಾಲೆಟ್ ಯಂತ್ರದ ಮೇಲೆ ಬೆರಳಿಟ್ಟುಕೊಂಡು ಕೂತೇ ಇದ್ದ. ಹೊರಡುವಾಗ ಮೆಟ್ಟಿಲಲ್ಲಿ ನಿಂತು, ಇದನ್ನು ನಾನು ಹಿಡಿದಿಟ್ಟುಕೊಳ್ಳಲಿಲ್ಲವಲ್ಲ ಎಂದು ತಲೆ ಚಚ್ಚಿಕೊಂಡ. ಒಳ್ಳೆಯದೇ ಆಯಿತು ಎಂದೆ. ಆ ದಿನದ ನಂತರ ನಿನ್ನಪ್ಪ ಟ್ರಂಪೆಟ್ಟು ಮುಟ್ಟಲಿಲ್ಲ, ಕಟ್ಟೆಗೂ ಹೋಗಲಿಲ್ಲ. ಈ ವರ್ಷ ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಲ್ಲಿ, ಒಂದು ಬೆಳಿಗ್ಗೆ ಕಾಫಿ ಬಟ್ಟಲು ಹಿಡಿದು ಮುಂದಿನ ಮೆಟ್ಟಿಲ ಮೇಲೆ ಕೂತವನು ಹಾಗೇ ಹೋಗಿಬಿಟ್ಟ. ಬಟ್ಟಲು ಚೆಲ್ಲಿರಲಿಲ್ಲ. ನೀನು ಬರಲಾಗಲಿಲ್ಲ, ಮಗುವಿಗೆ ಜ್ವರ. ಅದನ್ನು ನಾನು ಮನಸ್ಸಿನಲ್ಲಿಟ್ಟುಕೊಂಡಿಲ್ಲ, ನೀನೂ ಇಟ್ಟುಕೊಳ್ಳಬೇಡ.

ಅವನಿಗೆ ಕೇಳಿಸುತ್ತಿತ್ತು ಎನ್ನುವುದನ್ನು ನಾನು ನಂಬುತ್ತೇನೆಯೇ ಎಂದು ಕೇಳಬೇಡ. ಪಾದ್ರಿಯೂ ಕೇಳಿದರು, ಅವರಿಗೂ ಉತ್ತರ ಕೊಡಲಿಲ್ಲ. ನಿನ್ನ ಪ್ರಶ್ನೆಗೆ ಮಾತ್ರ ಉತ್ತರ ಇದೆ. ಅವನು ಗುರುತಿಲ್ಲದವರಿಗೆ ಏನನ್ನೂ ಮಾಡಿಕೊಡಲಿಲ್ಲ ಮಗಳೇ. ನಿನ್ನ ಮನೆಯಲ್ಲಿ ನಿಲ್ಲದೆ ನುಡಿಸುತ್ತಿರುವುದು ನಿನ್ನಪ್ಪನಲ್ಲ, ಒಂದು ಬ್ಲೇಡು. ಕತ್ತರಿಸದ ಆ ಟೇಪು ಹ್ಯಾಲೆಟ್ ನನಗೇ ಬಿಟ್ಟುಹೋಗಿದ್ದಾನೆ. ನೀನು ಬಂದರೆ ಯಂತ್ರ ಎರವಲು ತರಿಸುತ್ತೇನೆ. ವೆಸ್ಲಿಯನ್ನೂ ಕರೆದುಕೊಂಡು ಬಾ. ಅವತ್ತು ಎತ್ತಿದ ಹೆಜ್ಜೆಯನ್ನು ಇಳಿಸಲು ಈ ಮುಂದಿನ ಕೋಣೆಯಲ್ಲಿ ಬೇಕಾದಷ್ಟು ಜಾಗವಿದೆ.

ನಿನ್ನ ದಾರಿಯ ಕಡೆ ಮುಖಮಾಡಿ ಕೂತಿರುವ,
ನಿನ್ನ ಅಮ್ಮ,
ಕ್ಲೆಲಿ ಗ್ರಾಂಪ್ರೆ

ಮರೆತಿಲ್ಲ, ಬರೆಯಬಾರದೆಂದೇ ಬಿಟ್ಟಿದ್ದೆ: ಶುಕ್ರವಾರ ಸಂತರ ಹಬ್ಬಕ್ಕೆ ಸಮಾಧಿಗೆ ಸುಣ್ಣ ಹೊಡೆದು ಬಂದೆ. ಪ್ಲಾಸಿಡ್ ಬೇರೆ ಯಾರದೋ ಸಮಾಧಿಯ ಮೇಲೆ ಕೂತು, “ಅತ್ತಿಗೆ, ಆ ಮೂಲೆ ಬಿಟ್ಟೆ ನೋಡು, ಒನೆಸಿಮ್ ಎದ್ದು ಬಂದು ಬೈತಾನೆ” ಎನ್ನುತ್ತಿದ್ದ. ಅವನಿಗೂ ಗೊತ್ತಿಲ್ಲದ್ದನ್ನು ನಿನಗೆ ಹೇಳುತ್ತೇನೆ. ನಿನ್ನಪ್ಪನನ್ನು ಇಡಲು ಸಮಾಧಿ ತೆರೆಸಿದಾಗ ಒಳಗೆ ಏನೂ ಇರಬಾರದಿತ್ತು, ಉರ್ಬಾನನ ಹೆಸರು ಕಲ್ಲಿನ ಮೇಲೆ ಮಾತ್ರ ತಾನೇ. ಒಳಗೊಂದು ಮರದ ಪೆಟ್ಟಿಗೆಯಿತ್ತು, ಸುತ್ತ ನಿನ್ನಪ್ಪನ ಕೈಯ ನುಣ್ಣನೆಯ ಗಾರೆ. ಅದರಲ್ಲಿ 1927ರ ರೆಕಾರ್ಡುಗಳು. ನೆಲದ ಮೇಲೆ ಕಟ್ಟಿದ ನಮ್ಮ ಸಮಾಧಿಗಳು ಬೇಸಗೆಯಲ್ಲಿ ಬೇಕರಿಯ ಒಲೆಯಂತೆ ಕಾಯುತ್ತವಲ್ಲ, ಅವು ಮೆತ್ತಗಾಗಿ, ಬಾಗಿ, ಒಂದಕ್ಕೊಂದು ಅಂಟಿ, ಮಡಿಸಿಟ್ಟ ಕಪ್ಪು ಬಟ್ಟೆಯ ಹಾಗಾಗಿದ್ದವು. ಉರ್ಬಾನ್ ನುಡಿಸಿದ್ದು ಜಗತ್ತಿನಲ್ಲಿ ಬೇರೆಲ್ಲೂ ಉಳಿದಿಲ್ಲ. ನಮ್ಮಲ್ಲಿ ಹೊಸಬರನ್ನು ಇಡಲು ಹಳೆಯ ಮೂಳೆಗಳನ್ನು ಹಿಂದಕ್ಕೆ ಸರಿಸುವ ಹಾಗೆ ಪೆಟ್ಟಿಗೆಯನ್ನು ಹಿಂದಕ್ಕೆ ಸರಿಸಿ, ಮುಂದೆ ನಿನ್ನಪ್ಪನನ್ನು ಮಲಗಿಸಿ ಮುಚ್ಚಿಸಿದೆ. 1927ರ ರೆಕಾರ್ಡುಗಳು ಎಲ್ಲಾದರೂ ಸಿಕ್ಕವೇ ಎಂದು ಹ್ಯಾಲೆಟ್ ಈಗಲೂ ಬರೆದು ಕೇಳುತ್ತಾನೆ. ನಿನ್ನನ್ನೂ ಕೇಳಿದರೆ ಇಲ್ಲವೆಂದುಬಿಡು. ನದಿ ಕೊಡದ ದೇಹಕ್ಕೆ ಅವನಣ್ಣ ಕೊಟ್ಟ ದೇಹ ಅದು.